ನಿರ್ಬಂಧವೋ, ನಿಷೇಧವೋ?

ಬಲ್ಲವರಲ್ಲಿ ಒಂದು ಸಂದೇಹ ಕೇಳಬೇಕಿದೆ. ಹೋದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಾಸ್‌ಪೋರ್ಟ್ ಹಿಡಿದುಕೊಂಡು ನಮ್ಮ ಕಾರವಾರದ ಮನೆಗೆ ಬಂದ. ಹತ್ತನೆಯ ತರಗತಿ ಪಾಸಾಗಿಲ್ಲ, ಮಸ್ಕತ್ತಿನಲ್ಲಿ ಅಡುಗೆ ಕೆಲಸ ಸಿಕ್ಕಿದೆ. "ಅಕ್ಕೋರೇ, ಇದರಲ್ಲಿ ಇಸಿಆರ್ ಎಂದು ಅಚ್ಚಾಗಿದೆ. ಸರಕಾರ ನಿರ್ಬಂಧ ಹಾಕಿದೆ, ನೀನು ಹೋಗುವಂತಿಲ್ಲ ಎನ್ನುತ್ತಾರೆ, ಹೌದೇ?" ಎಂದ. ಮುಖ ಬಾಡಿತ್ತು.

ಅವನು ಹೋಗಬಹುದು. ಇಸಿಆರ್ ಎಂದರೆ 'ಎಮಿಗ್ರೇಶನ್ ಚೆಕ್ ರಿಕ್ವೈರ್ಡ್', ಅಂದರೆ ವಲಸೆ ತಪಾಸಣೆ ಅಗತ್ಯ ಎಂದು. 1983ರ ವಲಸೆ ಕಾಯ್ದೆಯಂತೆ, ಇಸಿಆರ್ ಇದ್ದವರು ಒಮಾನ್, ಕುವೈತ್, ಸೌದಿ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ವಲಸಿಗರ ಸಂರಕ್ಷಣಾಧಿಕಾರಿಯ (ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್) ಅನುಮತಿ ಪಡೆಯಬೇಕು, ಅಷ್ಟೇ. ಕೂಲಿಗೆ ಹೋದವರು ಅಲ್ಲಿ ಮೋಸಹೋಗಬಾರದೆಂದು ಇಟ್ಟ ಕಾವಲು ಅದು. ಯೆಮೆನ್ ಮಾತು ಬೇರೆ. ಯುದ್ಧದ ಕಾರಣ 2017ರಲ್ಲಿ ಭಾರತ ಸರಕಾರ ತನ್ನ ಪ್ರಜೆಗಳು ಅಲ್ಲಿಗೆ ಹೋಗುವುದನ್ನೇ ತಡೆಯಿತು. ಪತ್ರಿಕೆಗಳಲ್ಲಿ ಇದಕ್ಕೂ ನಿರ್ಬಂಧ, ಅದಕ್ಕೂ ನಿರ್ಬಂಧ. ಆ ಹುಡುಗ ಹೆದರಿದ್ದರಲ್ಲಿ ತಪ್ಪೇನು?

ನನ್ನ ಕಿವಿಗೆ ನಿಷೇಧ ಎಂದರೆ ಮುಚ್ಚಿದ ಬಾಗಿಲು, ನಿರ್ಬಂಧ ಎಂದರೆ ಕೇಳಿ ಒಳಗೆ ಬಾ ಎನ್ನುವ ಬಾಗಿಲು. ಆದರೆ ನಿರ್ಬಂಧಕ್ಕೆ ಒತ್ತಾಯ ಎಂಬ ಅರ್ಥವೂ ಉಂಟು. 'ಯಾರ ನಿರ್ಬಂಧವೂ ಇಲ್ಲದೆ ಸಹಿ ಹಾಕಿದ್ದೇನೆ' ಎಂದು ಕಾಗದಪತ್ರದಲ್ಲಿ ಬರೆಯುತ್ತೇವಲ್ಲ. ಸಂಸ್ಕೃತದಲ್ಲಿ ಪಟ್ಟು, ಹಟ ಎಂಬುದೇ ಅದರ ಅರ್ಥ. ಮಲಯಾಳಿಗಳು ಇಂದಿಗೂ ಹಾಗೆಯೇ ಬಳಸುತ್ತಾರೆ. ಹೋಗು ಎಂದು ಒತ್ತುವುದಕ್ಕೂ ಹೋಗಬೇಡ ಎಂದು ತಡೆಯುವುದಕ್ಕೂ ಕನ್ನಡದಲ್ಲಿ ಒಂದೇ ಪದ ಹೇಗೆ ಬಂತು, ಯಾವಾಗ ಬಂತು?

ಯೆಮೆನ್‌ಗೆ ನಿಷೇಧ ಎನ್ನೋಣವೆಂದರೆ ಅಲ್ಲೂ ಒಂದು ಕಿಂಡಿ ಇದೆ. ಅಲ್ಲಿ ಮರಣದಂಡನೆಗೆ ಗುರಿಯಾಗಿರುವ ಕೇರಳದ ನರ್ಸ್‌ನ ತಾಯಿಗೆ, ದೆಹಲಿ ಹೈಕೋರ್ಟಿನ ಮೊರೆ ಹೋದ ಮೇಲೆ, ಮಗಳನ್ನು ಕಾಣಲು ಹೋಗುವುದಕ್ಕೆ ವಿನಾಯಿತಿ ಸಿಕ್ಕಿತು. ವಿನಾಯಿತಿ ಇದ್ದರೆ ಅದು ನಿಷೇಧವಾದೀತೇ ಎಂದು ಕೆಲವರು ಕೇಳುತ್ತಾರೆ. ಆಗುತ್ತದೆ ಎಂಬುದು ನನ್ನ ವಾದ. ಜೂನ್ ಒಂದರಿಂದ 61 ದಿನ ನಮ್ಮ ಬೈತಖೋಲದಲ್ಲಿ ಟ್ರಾಲರ್‌ಗಳು ಲಂಗರು ಹಾಕಿ ನಿಲ್ಲುತ್ತವೆ, ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಆದರೂ ಅದನ್ನು ಮೀನುಗಾರಿಕೆ ನಿಷೇಧ ಎಂದೇ ಎಲ್ಲರೂ ಕರೆಯುತ್ತೇವೆ.

ಇಸಿಆರ್‌ಗೆ 'ಅನುಮತಿ ಅಗತ್ಯ' ಎಂದರೆ ಸಾಕು, ನಿರ್ಬಂಧ ಎಂಬ ಪದ ಅಲ್ಲಿ ಬೇಡವೇ ಬೇಡ. ಹಾಗೆಯೇ 'ಪ್ರವಾಸ ನಿಷೇಧ' ಎಂದೂ ಬರೆಯಬಾರದು. ದುಡಿಯಲು ಹೊರಟವನದು ಪ್ರವಾಸವಲ್ಲ, ಪ್ರಯಾಣ.

ಇನ್ನೊಂದು ಕೇಳುವುದಿದೆ. ವರ್ಣಭೇದದ ಕಾಲದಲ್ಲಿ ನಮ್ಮ ಪಾಸ್‌ಪೋರ್ಟ್ ದಕ್ಷಿಣ ಆಫ್ರಿಕಾಕ್ಕೆ ಸಿಂಧುವಾಗಿರಲಿಲ್ಲ. ಆ ಷರತ್ತನ್ನು ಆಗಿನ ಕನ್ನಡ ಪತ್ರಿಕೆಗಳು ಯಾವ ಪದದಲ್ಲಿ ಬರೆದವು? ಭಟ್ಕಳ, ಹೊನ್ನಾವರದ ಕಡೆ ಮಂಜಿ ಎಂಬ ಹಾಯಿಹಡಗುಗಳಲ್ಲಿ ಕಡಲು ದಾಟಿದವರ ಮನೆಗಳಲ್ಲಿ, ಹೋಗಬಾರದ ಬಂದರಿಗೆ ಬೇರೆಯೇ ಒಂದು ಮಾತು ಉಳಿದಿದ್ದರೆ ದಯವಿಟ್ಟು ತಿಳಿಸಿ.