ಹಳೇದೆಲ್ಲಾ ನೆನಪೈತಿ, ಮುಂಜಾನಿದು ನೆನಪಿಲ್ಲ, ಹಿಂಗ್ಯಾಕ್ರಿ?

ನವನಗರದಾಂವ:
ನಮ್ಮ ಆಯಿಗೆ 80 ದಾಟೈತ್ರಿ. ಹಳೇ ಬಾಗಲಕೋಟ್ಯಾಗ ಆಲಮಟ್ಟಿ ಹಿನ್ನೀರು ಬರೋಕಿಂತ ಮೊದಲ ಓಣ್ಯಾಗ ಯಾರ ಮನಿ ಎಲ್ಲಿತ್ತು, ಹೋಳಿ ಬಣ್ಣದ ಬಂಡಿ ಯಾವ ಕಡಿಯಿಂದ ಬರ್ತಿದ್ವು ಎಲ್ಲಾ ಹೇಳ್ತಾಳ, ಆದ್ರ ಮುಂಜಾನೆ ಗುಳಿಗಿ ನುಂಗಿದ್ದು ಮರತು ಮತ್ತ ಕೇಳ್ತಾಳ. ಇನ್ನೊಂದು, ಮದುವ್ಯಾಗ ಉಟ್ಟ ಇಳಕಲ್ ಸೀರಿ ಮೊದಲ ಹಸಿರು ಅಂತಿದ್ಲು, ಈಗ ಕೆಂಪು ಅಂತಾಳ. ಅಪ್ಪ ತಿದ್ದಾಕ ಹೋದ್ರ ಅಳ್ತಾಳ. ಏನಾಗ್ತೈತ್ರಿ ಇದು?

ವಿಜಾಪುರ ಮಾಸ್ತರ:
ಹೊಸಾ ನೆನಪು ಕಟ್ಟಾಕ ಮೆದುಳಿನ್ಯಾಗ ಹಿಪೊಕ್ಯಾಂಪಸ್ ಅನ್ನೋ ಭಾಗ ಬೇಕ ಬೇಕ್ರಿ. ಅಮೆರಿಕದ ಹೆನ್ರಿ ಮೊಲೈಸನ್‌ಗ ಫಿಟ್ಸ್ ನಿಲ್ಲಿಸಾಕ 1953ರಾಗ ಎರಡೂ ಕಡೆ ಅದರ ಬಹಳಷ್ಟು ತಗದ್ರು, ಆಮ್ಯಾಲ ದಿನಾ ಕಾಣೋ ಡಾಕ್ಟರೂ ಆತಗ ಹೊಸಬ್ರ, ಆದ್ರ ಸಣ್ಣಾಂವಿದ್ದಾಗಿನ ಸಂಗತಿ ಹೇಳ್ತಿದ್ದ. ಹಳೇ ನೆನಪು ವರ್ಷ ಕಳದಂಗ, ಅದರಾಗೂ ನಿದ್ದಿ ಹೊತ್ತಿನ್ಯಾಗ, ಮೆದುಳಿನ ಹೊರಪದರದಾಗ ಗಟ್ಟಿ ಆಗ್ತಾವ ಅಂತ ಭಾಳ ಮಂದಿ ವಿಜ್ಞಾನಿಗಳ ಅಭಿಪ್ರಾಯ. ಹೊಸಾದು ಮೊದಲ ಹೋಗ್ತೈತಿ, ಹಳೇದು ಉಳೀತೈತಿ ಅಂತ ಫ್ರಾನ್ಸಿನ ಮನೋವಿಜ್ಞಾನಿ ರಿಬೋ 1881ರಾಗನ ಬರದಾನ. ವಯಸ್ಸಾದವ್ರಿಗೆ 10ರಿಂದ 30ರ ನಡುವಿನ ನೆನಪು ಜಾಸ್ತಿ ಬರೋದು ಬ್ಯಾರೆ, ಮದುವಿ, ಹೊಸ ಮನಿ, ಮೊದಲ ಕೂಸು ಎಲ್ಲಾ ಆ ವಯಸ್ಸಿನ್ಯಾಗ ಅಲ್ಲೇನ್ರಿ.

ಜಮಖಂಡಿ ಹುಡುಗಿ:
ಸರ್, ಹಂಗಾರ ಸೀರಿ ಬಣ್ಣ ಯಾಕ ಬದಲಾತು? ಗಟ್ಟಿ ಆಗೈತಿ ಅಂತೀರಿ ಮತ್ತ.

ವಿಜಾಪುರ ಮಾಸ್ತರ:
ನೆನಪು ಇಟ್ಟಲ್ಲೇ ಇರೋ ಫೋಟೋ ಅಲ್ಲವ್ವಾ, ಪ್ರತಿ ಸಲ ಚೂರುಪಾರು ಕೂಡಿಸಿ ಹೊಸದಾಗಿ ಕಟ್ತೈತಿ ಮೆದುಳು, ನಡುವ ಬಿಟ್ಟಿದ್ದನ್ನ ತನಗ ತಿಳದಂಗ ತುಂಬತೈತಿ. 1986ರಾಗ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ ಕಾಲೇಜ್ ಹುಡುಗ್ರ ಕಡೆ ಸುದ್ದಿ ಎಲ್ಲಿ ಕೇಳಿದ್ರಿ ಅಂತ ಬರಸಿ, ವರ್ಷಗಟ್ಟಲೆ ಬಿಟ್ಟು ಮತ್ತ ಕೇಳಿದ್ರ ಭಾಳ ಮಂದಿ ಬ್ಯಾರೇನ ಹೇಳಿದ್ರು, ಅದೂ ಪೂರ್ತಿ ನಂಬಿಕಿಯಿಂದ. ಆಯಿ ಸುಳ್ಳು ಹೇಳಾಕತ್ತಿಲ್ಲ, ಆಕಿಗೆ ಈಗ ಕೆಂಪ ಕಾಣ್ತೈತಿ.

ಸಿಸ್ಟರ್ ಅಕ್ಕ, ಬೆಳಗಾವಿ:
ನವನಗರದ ತಮ್ಮಾ, ವಯಸ್ಸಾತು ಅಂತ ಬಿಡಬ್ಯಾಡ, ನರರೋಗ ಡಾಕ್ಟರ್‌ಗ ತೋರ್ಸು. ಬಿ12 ವಿಟಮಿನ್ ಕಡಿಮಿ ಇದ್ರೂ, ಥೈರಾಯ್ಡ್ ಇದ್ರೂ ಮರವು ಬರ್ತೈತಿ, ಅವಕ್ಕ ಔಷಧ ಐತಿ. ಗುಳಿಗಿ ನೀವ ಕೈಯಾಗ ಕೊಡ್ರಿ, ಡಬ್ಬಿ ಆಕಿ ಹತ್ರ ಬಿಡಬ್ಯಾಡ್ರಿ, ಎರಡೆರಡು ಸಲ ನುಂಗಿಬಿಡ್ತಾರ. ಅಪ್ಪಗ ಹೇಳು, ಸೀರಿ ಬಣ್ಣಕ್ಕ ಜಗಳ ಬ್ಯಾಡ ಅಂತ.

ನವನಗರದಾಂವ:
ಆತ್ರಿ ಅಕ್ಕಾರ, ಈ ವಾರನ ಕರ್ಕೊಂಡ ಹೋಗ್ತೀನಿ. ಓಣಿ ಕಥಿ ಮೊಬೈಲ್‌ನ್ಯಾಗ ರೆಕಾರ್ಡ್ ಮಾಡಾಕ ಚಾಲೂ ಮಾಡೀನಿ.