ಅಪ್‌ಡೇಟ್: ಬದುಕು ನಿಂತ ನೀರಾಗಿದೆ ಎಂದು ಕೇಳಿದ್ದವಳು

ಬ್ಯಾಂಕ್ ಕೆಲಸ, ಸಂಬಳ, ಮನೆ ಎಲ್ಲ ಇದ್ದೂ ಯಾವುದಕ್ಕಾಗಿ ಏಳಬೇಕು ಎಂದೇ ತೋಚುತ್ತಿಲ್ಲವೆಂದು ಕಳೆದ ವರ್ಷ ಕೇಳಿದ್ದೆ. ಕೆಲಸ ಬಿಡಿ, ಪ್ರವಾಸ ಹೋಗಿ ಎಂದವರು ಹಲವರು. ಹಳೆಯ ಪುಸ್ತಕಗಳನ್ನು ಸ್ವಯಂಸೇವಕರೇ ಪಠ್ಯವಾಗಿಸುವ ಉಚಿತ ಆನ್‌ಲೈನ್ ಗ್ರಂಥಾಲಯ ಕನ್ನಡ ವಿಕಿಸೋರ್ಸ್‌ನಲ್ಲಿ ದಿನಕ್ಕೊಂದು ಪುಟ ತಿದ್ದಿ ಎಂದವರು ಒಬ್ಬರೇ. ಅವರಿಗೆ ಮನಸಾರೆ ವಂದನೆ.

ಅಲ್ಲಿ ಹಳೆಯ ಪುಸ್ತಕದ ಸ್ಕ್ಯಾನ್ ಪುಟ ಒಂದು ಬದಿ, ಯಂತ್ರ ಓದಿದ ಪಠ್ಯ ಇನ್ನೊಂದು ಬದಿ. ಯಂತ್ರ ಒತ್ತಕ್ಷರಗಳಲ್ಲಿ ಎಡವುತ್ತದೆ, ಅನುಸ್ವಾರವನ್ನು ಸೊನ್ನೆಯೆಂದು ಓದುತ್ತದೆ. ಅದನ್ನು ಸಾಲುಸಾಲಾಗಿ ಸರಿಪಡಿಸಬೇಕು. ಒಬ್ಬರು ತಿದ್ದಿದ ಪುಟಕ್ಕೆ ಹಳದಿ ಗುರುತು. ಮತ್ತೊಬ್ಬರು ಪರಿಶೀಲಿಸಿದರೆ ಹಸಿರು. ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಕೃತಿಗಳು ಹಕ್ಕುಸ್ವಾಮ್ಯದಿಂದ ಮುಕ್ತವಾಗುವುದರಿಂದ ಕೆಲಸಕ್ಕೆ ಬರವಿಲ್ಲ. ಬರಿಯ ಚಿತ್ರವಾಗಿದ್ದ ಪುಟ ಪಠ್ಯವಾದರೆ, ಕಣ್ಣು ಕಾಣದವರೂ ಪರದೆ ಓದುವ ತಂತ್ರಾಂಶದಿಂದ ಅದನ್ನು ಕೇಳಬಹುದು. ನನ್ನನ್ನು ಹಿಡಿದು ಕೂರಿಸಿದ್ದು ಈ ಒಂದೇ ಸಂಗತಿ.

ಕಚೇರಿಯ ಬೇಸರ ಪೂರ್ತಿ ಹೋಗಿಲ್ಲ, ವರ್ಗಾವಣೆಯ ಅರ್ಜಿಯೂ ಕದಲಿಲ್ಲ. ಆದರೂ ಭಾನುವಾರ ರಾತ್ರಿ ಎದೆ ಭಾರವಾಗುವುದು ನಿಂತಿದೆ. ಈಗ ನಿವೃತ್ತ ಶಿಕ್ಷಕಿಯಾದ ಅತ್ತೆಗೂ ಟೈಪಿಂಗ್ ಕಲಿಸುತ್ತಿದ್ದೇನೆ. ಹಳೆಗನ್ನಡದ ಪುಟ ಬಂದಾಗ ಅವರೇ ನನಗೆ ಗುರು.