ರಿಪೀಟರ್ ಬಳಕೆಯಲ್ಲಿ ‘ಬ್ರೇಕ್’: ಅರ್ಥ ಮತ್ತು ಕನ್ನಡ ರೂಪದ ಬಗ್ಗೆ ಪ್ರಶ್ನೆ

ಮಾನ್ಯರೆ,

ಹವ್ಯಾಸಿ (ಹ್ಯಾಮ್) ರೇಡಿಯೋಗೆ ಹೊಸದಾಗಿ ಬರುವವರಿಗಾಗಿ, ಹಲವರು ಹಂಚಿಕೊಂಡು ಬಳಸುವ ರಿಪೀಟರ್‌ನಲ್ಲಿ ಮಾತನಾಡುವ ಶಿಷ್ಟಾಚಾರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಬ್ರೇಕ್’ ಎಂಬ ಪದವನ್ನು ಹೇಗೆ ವಿವರಿಸಬೇಕೆಂಬ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ರಿಪೀಟರ್ ಒಂದು ಆವರ್ತನದಲ್ಲಿ ಬಂದ ದನಿಯನ್ನು ಅದೇ ಕ್ಷಣದಲ್ಲಿ ಇನ್ನೊಂದು ಆವರ್ತನದಲ್ಲಿ ಮರಳಿ ಪ್ರಸಾರ ಮಾಡುತ್ತದೆ. ಇಬ್ಬರು ಒಟ್ಟಿಗೆ ಪ್ರಸಾರದ ಗುಂಡಿ ಒತ್ತಿದರೆ ಉಳಿದವರಿಗೆ ಬಲವಾದ ಸಂಕೇತವೊಂದೇ ಕೇಳಿಸೀತು, ಇಲ್ಲವೆ ಅರ್ಥವಾಗದ ಕರ್ಕಶ ಸದ್ದು ಕೇಳಿಸೀತು. ಒತ್ತಿದ ಇಬ್ಬರಿಗೆ ಮಾತ್ರ ಅದು ತಿಳಿಯುವುದೇ ಇಲ್ಲ, ಏಕೆಂದರೆ ಪ್ರಸಾರ ಮಾಡುತ್ತಿರುವಾಗ ಅವರ ಸೆಟ್ ಏನನ್ನೂ ಕೇಳಿಸುವುದಿಲ್ಲ. ಆದ್ದರಿಂದ ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ಒಂದೆರಡು ಸೆಕೆಂಡು ತಡೆದು ಆರಂಭಿಸಬೇಕು. ಅನೇಕ ರಿಪೀಟರ್‌ಗಳಲ್ಲಿ ಆಗ ‘ಬೀಪ್’ ಕೇಳಿಸುತ್ತದೆ. ಒಬ್ಬರೇ ಬಹಳ ಹೊತ್ತು ಮಾತನಾಡಿದರೆ ಪ್ರಸಾರವನ್ನು ಕಡಿಯುವ ಗಡಿಯಾರ, ಸಾಮಾನ್ಯವಾಗಿ 3 ನಿಮಿಷದ್ದು, ಮತ್ತೆ ಮೊದಲಿನಿಂದ ಎಣಿಸತೊಡಗಿತೆಂದು ಅದು ಸೂಚಿಸುವುದುಂಟು. ಮಾತಿನ ನಡುವಿನ ಈ ಬಿಡುವಿಗೆ ‘ತೆರಪು’ ಎಂದು ಬರೆದಿದ್ದೇನೆ, ಅದು ಸರಿಯಾದ ಪದವೆಂದೇ ನನ್ನ ನಂಬಿಕೆ.

ತೊಡಕಿರುವುದು ಆ ತೆರಪಿನಲ್ಲಿ ಹೇಳುವ ಮಾತಿನಲ್ಲಿ. ಕೆಲವು ಬಳಗಗಳಲ್ಲಿ ‘ಬ್ರೇಕ್’ ಎಂದರೆ ‘ನಾನೂ ಮಾತಿಗೆ ಸೇರುತ್ತೇನೆ’ ಎಂದಷ್ಟೇ ಅರ್ಥ. ಬೇರೆ ಕಡೆ ತುರ್ತು ಸಂದೇಶವಿದ್ದರೆ ಮಾತ್ರ ಅದನ್ನು ಹೇಳಬೇಕು. ಸುಮ್ಮನೆ ಸೇರಲು ಬಯಸುವವರು ತಮ್ಮ ಕರೆಸಂಕೇತವನ್ನು (ಪರವಾನಗಿಯೊಂದಿಗೆ ಸಿಕ್ಕ ಗುರುತಿನ ಅಕ್ಷರ-ಅಂಕಿಗಳನ್ನು) ಒಮ್ಮೆ ಹೇಳಿದರೆ ಸಾಕು. ಔಪಚಾರಿಕ ಸಂದೇಶ ರವಾನೆಯಲ್ಲಿ ಇದೇ ಪದವು ಸಂದೇಶದ ಒಂದು ಭಾಗವನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತೂ ಆಗಿದೆ. ಇಷ್ಟು ಸಾಲದೆಂಬಂತೆ ಕನ್ನಡದ ಓದುಗನಿಗೆ ‘ಬ್ರೇಕ್ ಹಾಕಿದರು’ ಎಂದರೆ ತಡೆದು ನಿಲ್ಲಿಸಿದರು ಎಂದೂ, ‘ಬ್ರೇಕ್ ತೆಗೆದುಕೊಂಡರು’ ಎಂದರೆ ವಿರಾಮ ಪಡೆದರು ಎಂದೂ ಆಗುತ್ತದೆ. ಎರಡೂ ಇಲ್ಲಿನ ಅರ್ಥವಲ್ಲ.

‘ಅಡ್ಡಿಪಡಿಸು’, ‘ಮಧ್ಯೆ ಬಾಯಿ ಹಾಕು’ ಎಂಬ ರೂಪಗಳನ್ನು ನಾನು ಒಪ್ಪಲಾರೆ. ತೆರಪನ್ನು ಬಿಡುವುದೇ ಇನ್ನೊಬ್ಬರು ಬರಲೆಂದು. ಆ ಎಡೆಯಲ್ಲಿ ಕರೆಸಂಕೇತ ಹೇಳಿದವರು ಯಾರಿಗೂ ಅಡ್ಡಿಯಾದವರಲ್ಲ, ಮಾತನಾಡುತ್ತಿದ್ದವರು ಅವರಿಗೆ ಮುಂದಿನ ಸರದಿ ಕೊಡುವುದೇ ಮರ್ಯಾದೆ. ಸೇರುವುದಕ್ಕೆ ‘ಎಡೆ ಕೇಳು’ ಎಂಬ ಕ್ರಿಯಾಪದ ಹೊಂದುತ್ತದೆಯೇ? ತುರ್ತಿನ ಸಂದರ್ಭಕ್ಕೆ ‘ತುರ್ತು’ ಎಂದೇ ಸ್ಪಷ್ಟವಾಗಿ ಹೇಳಿರೆಂದು ಸೂಚಿಸುವುದು ನನಗೆ ಮೇಲೆನಿಸುತ್ತದೆ, ಏಕೆಂದರೆ ಆ ಹೊತ್ತಿನಲ್ಲಿ ಕೇಳುವವರು ಅರ್ಥವನ್ನು ಊಹಿಸುತ್ತ ಕೂರುವಂತಾಗಬಾರದು. ಆದರೂ ಪ್ರಸಾರದಲ್ಲಿ ‘ಬ್ರೇಕ್’ ಕಿವಿಗೆ ಬಿದ್ದೇ ಬೀಳುವುದರಿಂದ ಆ ಪದವನ್ನು ಕೈಬಿಡದೆ, ಮೊದಲ ಬಳಕೆಯಲ್ಲೇ ಅದರ ಅರ್ಥಭೇದಗಳನ್ನು ತಿಳಿಸಬೇಕೆಂದಿದ್ದೇನೆ.

ಇದರ ಜೊತೆಗೆ ಇನ್ನೊಂದು ಚಿಕ್ಕ ಪ್ರಶ್ನೆ. ರಿಪೀಟರ್ ತಲುಪುತ್ತದೆಯೇ ಎಂದು ನೋಡಲು ಕರೆಸಂಕೇತವನ್ನೇ ಹೇಳದೆ ಗುಂಡಿ ಒತ್ತಿ ಬಿಡುವ ಅಭ್ಯಾಸವನ್ನು ‘ಕರ್‌ಚಂಕ್’ ಎನ್ನುತ್ತಾರೆ. ಅದಕ್ಕೆ ‘ಮೂಕ ಒತ್ತು’ ಎಂದು ಬರೆದರೆ ಓದುಗರಿಗೆ ತಿಳಿದೀತೇ, ಅಥವಾ ‘ಹೆಸರು ಹೇಳದೆ ಗುಂಡಿ ಒತ್ತುವುದು’ ಎಂದು ಬಿಡಿಸಿ ಬರೆಯುವುದೇ ಲೇಸೇ?